ಮಾಳಿಗಿ ಮ್ಯಾಲಿನ ರೈಲು

ಬಾಗಲಾ ಮುಚ್ರಿ, ಆಮ್ಯಾಲ ಹೇಳತೀನಿ. ಯಾರೋ ಎಲ್ಲೋ ಅಂದಿದ್ದಲ್ಲ ಇದು. ನಮ್ಮ ಸೋದರತ್ತಿ ಮಗ ನಂದಕಿಶೋರಗ ಆಗಿದ್ದು.

ಹೋದ ಮಾರ್ಚ್ ತಿಂಗಳು. ರಾತ್ರಿ ಹನ್ನೊಂದೂವರಿ ಆಗಿರಬೇಕು. ವಿಜಯಪುರದ ಸ್ಟೇಷನ್ ರಸ್ತೆ ಅಂಗಡಿಯವರೆಲ್ಲಾ ಶಟರ್ ಎಳಕೊಂಡು ಹೋಗಿದ್ರು. ನಂದಕಿಶೋರ ಗೆಳೆಯ ಅನೂಪನ ಮನಿಯಿಂದ ತನ್ನ ಮನಿಗೆ ನಡಕೋತ ಹೊಂಟಿದ್ದ. ಹಿಂದಿನ ಓಣ್ಯಾಗ ಒಂದು ಹಳೇ ಕಲ್ಲಿನ ಬಾವಿ ಐತಿ. ಮ್ಯಾಲ ಕಬ್ಬಿಣದ ಜಾಳಗಿ ಹಾಕ್ಯಾರ. ಯಾರೂ ನೀರು ಸೇದಂಗಿಲ್ಲ. ಅದರ ಹತ್ತರ ಬಂದ...

ಠಣ್.

ನಿಂತ. ನಾಯಿ ಇಲ್ಲ, ಗಾಳಿ ಇಲ್ಲ.

ಠಣ್... ಠಣ್... ಸ್ವಲ್ಪ ಹೊತ್ತು ಬಿಟ್ಟು... ಠಪ್.

ಮದಲಿನವು ಗುಡಿ ಗಂಟಿ ಬಡದಂಗ. ಕಡೀದು ಸೀಳು ಬಿಟ್ಟ ಗಡಗಿ ಬಡದಂಗ. ಆ ಸಪ್ಪಳ ಅವಂಗ ಗುರ್ತಿತ್ತು.

ಯಾಕಂದ್ರ... ಶಿವಶರಣಪ್ಪ ಅಂತ ಒಬ್ಬ ಹಿರ್ಯಾ ಇದ್ದ. ಮೂವತ್ತು ವರ್ಷ ರೈಲ್ವೆ ಗ್ಯಾಂಗ್‌ಮನ್. ಸುತ್ತಿಗಿ ಹಿಡಕೊಂಡು ಹಳಿಗುಂಟ ನಡದು, ಒಂದೊಂದ ಜಾಯಿಂಟ್ ಬಡದು, ಕಿವಿಗೊಟ್ಟು ಕೇಳೋದು ಅವನ ಕೆಲಸ. ಠಣ್ ಅಂದ್ರ ಗಟ್ಟಿ. ಠಪ್ ಅಂದ್ರ ಸಡಲ. ರಿಟೈರ್ ಆದಮ್ಯಾಲ ಅವಂಗ ಸಣ್ಣ ರೈಲಿನ ಹುಚ್ಚು ಹತ್ತಿತು. ಹುಡುಗರು ದಬ್ಬೋ ಆಟಗಿ ಸಾಮಾನಲ್ಲರಿ. ಗೇಣುದ್ದದ ಇಂಜಿನ, ಹೆಬ್ಬೆರಳಗಲದ ಹಳಿ, ಕರೆಂಟ್ ಕೊಟ್ರ ಖರೇ ರೈಲಿನಂಗ ಓಡತೈತಿ. ಮನ್ಯಾಗ ಮಕ್ಕಳಿರಲಿಲ್ಲ. ಎರಡು ವರ್ಷ ದಿನಾ ಸಂಜಿಕೆ ನಂದಕಿಶೋರ ಅವನ ಮಗ್ಗಲ ಕುಂತು ಎಲ್ಲಾ ಕಲತ. ಈ ವರ್ಷ ಸಂಕ್ರಮಣ ಆದ ವಾರಕ್ಕ ಮುದಕ ಎದಿನೋವು ಬಂದು ತೀರಕೊಂಡ.

ರೈಲು ತನಗ ಬರತೈತಿ ಅಂತ ನಂದಕಿಶೋರ ತಿಳದಿದ್ದ. ಹೋಗಿದ್ದು ಅನೂಪಗ.

ಈ ಅನೂಪ ಅವನ ಸಾಲಿ ಗೆಳೆಯ. ದಿನಾ ಬಸ್ ಹತ್ತಿ ತಿಕೋಟಾ ಬ್ಯಾಂಕಿಗೆ ಹೋಗಿಬರಾಂವ. ಮುದಕನ ಮನಿಗೆ ಹೋಗಿದ್ರ ಎರಡ ಸಲ ಹೋಗಿರಬೇಕು, ರೈಲಿನ ಗಂಧಾನೂ ಗೊತ್ತಿಲ್ಲ. ನಂದಕಿಶೋರಗ ರಾತ್ರಿ ನಿದ್ದಿ ಹತ್ತಲಿಲ್ಲ. ಬಬಲೇಶ್ವರದಾಗ ಅವಂದು ಕಚೇರಿ. ಒಂದಿನ ಕಚೇರಿ ಬಿಟ್ಟಕೂಡ್ಲೆ ನಿಡೋಣಿಗೆ ಹೋದ. ಮುದಕನ ಹೆಂಡತಿ ರೇಣುಕವ್ವ ಅಲ್ಲೇ ತನ್ನ ತಂಗಿ ಮನ್ಯಾಗ ಇದ್ದಳು.

"ಆಯಿ, ಅನೂಪಗ ಯಾಕ ಕೊಟ್ರಿ?"

"ಅಂವ ಬಂದು ಕೇಳಿದ್ನೋ ಯಪ್ಪಾ. ನೀ ಕೇಳೇ ಇಲ್ಲಲ್ಲ."

ಅಷ್ಟ ಅಂದಳು.

ಇತ್ತಾಗ ಅನೂಪ ಮಾಳಿಗಿ ಮ್ಯಾಲಿನ ಖೋಲ್ಯಾಗ ಪ್ಲೈವುಡ್ ಹಲಗಿ ಇಟ್ಟು, ಯೂಟ್ಯೂಬ್ ನೋಡಿ ನೋಡಿ ಹಳಿ ಕೂಡಿಸಿದ. ಬಟನ್ ತಿರುವಿದ. ಟಿಕ್ ಟಿಕ್ ಟಿಕ್ ಟಿಕ್... ಖಟ್! ಇಂಜಿನ ಮಗ್ಗಲಾತು. ಎತ್ತಿಟ್ಟ. ಮತ್ತ ಖಟ್. ಕಿಡಕಿ ಕಡೆ ಒಂದ ತಿರುವು, ದಿನಾ ಅಲ್ಲೇ.

"ಲೇ ನಂದ್ಯಾ, ಬಾರೋ. ನಿನ್ನ ಬಿಟ್ರ ಇದು ಯಾರಿಗೂ ತಿಳಿಯಂಗಿಲ್ಲ."

ಹೋದ. ಅನೂಪ ಚಾ ತರಾಕ ಕೆಳಗಿಳದ. ನಂದಕಿಶೋರ ಮುದಕ ಕಲಿಸಿದಂಗ ಕಣ್ಣು ಮುಚ್ಚಿ ಹಳಿ ಮ್ಯಾಲ ಉಗುರು ಹಾಯಿಸಿದ. ತಿರುವಿನ ಮೂರನೇ ಜಾಯಿಂಟಿಗೆ... ಸಿಕ್ಕೊಂತು. ಎರಡು ಹಳಿ ಕೂಡೋ ಕಡೆ ಒಂದು ಸಣ್ಣ ತಗಡಿನ ಚಿಪ್ಪು ಇರತೈತಿ. ಹಳಿ ತುದಿ ಅದರೊಳಗ ಹೋಗಬೇಕು. ಇಲ್ಲಿ ಚಿಪ್ಪಿನ ಮ್ಯಾಲ ಹತ್ತಿ ಕುಂತಿತ್ತು. ಕೂದಲೆಳಿ ಅಷ್ಟು ಎತ್ತರ. ಗಾಲಿ ಅದಕ್ಕ ಬಡದು ಹಾರತಿತ್ತು. ಪಕ್ಕಡಲೆ ಹಿಡದು ಒಳಗ ಸೇರಿಸಿದ್ರ ಒಂದ ನಿಮಿಷದ ಕೆಲಸ.

ಮೆಟ್ಟಲ ಮ್ಯಾಲ ಅನೂಪನ ಹೆಜ್ಜಿ ಸಪ್ಪಳಾತು.

"ಏನರ ತಿಳೀತೇನೋ?"

ನಂದಕಿಶೋರ ಚಾದ ಕಪ್ಪು ಇಸಗೊಂಡ. "ಇಲ್ಲೋ. ರೈಲಿನ ಡಬ್ಬಿ ಹಗೂರ ಅದಾವ ಅನಸತೈತಿ."

ಅನೂಪ ಡಬ್ಬ್ಯಾಗ ನಟ್ಟು ತುಂಬಿದ. ಬಿತ್ತು. ಗಾಲಿ ನಡುವಿನ ಅಂತರ ಅಳಿ ಅಂದ ನಂದಕಿಶೋರ. ಅನೂಪ ರಾತ್ರೆಲ್ಲಾ ಒಂದೊಂದ ಗಾಲಿ ಅಳದ. ಬಿತ್ತು. ಹಲಗಿ ಡೊಂಕೈತಿ, ಕೆಳಗ ರಟ್ಟು ಕೊಡು ಅಂದ. ಕೊಟ್ಟ. ಖಟ್.

ಇಂಜಿನ ಬಿದ್ದಾಗೊಮ್ಮೆ ನಂದಕಿಶೋರನ ಹೊಟ್ಟಿ ತಣ್ಣಗಾಗತಿತ್ತು. ಆದ್ರ ಅನೂಪ ಅದನ್ನ ಕೂಸಿನಂಗ ಎರಡೂ ಕೈಲೆ ಎತ್ತಿ, ಗಾಲಿ ಒರಸಿ, ಮತ್ತ ಹಳಿಗೆ ಇಡತಿದ್ನಲ್ಲ... ಅದನ್ನ ನೋಡಿದ್ರ ಮತ್ತ ಉರಿ. ತನ್ನ ಕೈಯಾಗ ಇರಬೇಕಾಗಿದ್ದು. ಒಂದಿನ ಅನೂಪ ಕೆಳಗ ಹೋದ ವ್ಯಾಳ್ಯಾದಾಗ ಸ್ಕ್ರೂಡ್ರೈವರ್ ತುದಿ ಹಾಕಿ ಆ ಹಳಿ ಇನ್ನಷ್ಟು ಮ್ಯಾಲ ಎತ್ತಿಟ್ಟ. ಇದನ್ನ ಅವನ ಬಾಯಿಂದನ ನಾ ಕೇಳೀನಿ.

ಇನ್ನ ಆ ಬಾವಿ ರಾತ್ರಿ. ಅನೂಪ ಇಂಜಿನ ತೊಡಿ ಮ್ಯಾಲ ಇಟಗೊಂಡು ಕುಂತುಬಿಟ್ಟ.

"ಸಾಕಾತೋ. ನನ್ನ ಕೈಗೆ ಇದು ಒಗ್ಗಂಗಿಲ್ಲ. ನಾಳೆ ನೀನ ಒಯ್ಯಿ."

"ಛೇ, ಹಂಗ್ಯಾಕೋ," ಅಂದ ನಂದಕಿಶೋರ. ಒಳಗ ಮಾತ್ರ ಹೋಳಿ ಹಲಗಿ ಬಡದಂಗ ಖುಷಿ. ಆ ಖುಷ್ಯಾಗ ನಡಕೋತ ಬಾವಿತನಕ ಬಂದಿದ್ದ.

ಠಣ್... ಠಣ್... ಠಪ್.

ಫೋನಿನ ಟಾರ್ಚ್ ಹಚ್ಚಿದ. ಬಾವಿ ಕಟ್ಟಿ ಖಾಲಿ. ಆರಿಸಿದ. ಆರಿಸಿದ ಕೂಡಲೇ... ಕಿವಿ ಹಿಂದ ಉಸಿರು. ಬಿಸಿ ಇಲ್ಲದ ಉಸಿರು.

"ಎಲ್ಲಿ ಬೀಳತೈತೋ ತಮ್ಮಾ?"

ಹೊಳ್ಳಿ ನೋಡೋ ಧೈರ್ಯ ಬರಲಿಲ್ಲ. "ಗೊತ್ತಿಲ್ರಿ, ಅಜ್ಜಾ."

"ಉಗುರು ಹಾಯಿಸಿದಿ?"

ನಂದಕಿಶೋರ ಉಗುರು ಮುಷ್ಟ್ಯಾಗ ಮುಚ್ಚಿಕೊಂಡ.

"ಸಿಕ್ಕೊಂತು?"

"...ಹೂಂ."

"ಮತ್ತ ಹೇಳಲಿಲ್ಲ?"

ಸಿಟ್ಟು ಇರಲಿಲ್ಲರಿ ಆ ದನ್ಯಾಗ. ದಿನಾ ಸಂಜಿಕೆ ಕೇಳತಿದ್ನಲ್ಲ, ಹಂಗ ಕೇಳಿದ. ನಂದಕಿಶೋರಗ ಅದ ತಡಕೊಳ್ಳಾಕ ಆಗಲಿಲ್ಲ. ಎರಡು ತಿಂಗಳು ಒಳಗ ಕುದ್ದಿದ್ದೆಲ್ಲಾ ಬಾಯಿಗೆ ಬಂತು.

"ನಿಮ್ಮ ಮಗ್ಗಲ ಕುಂತಾಂವ ನಾನು! ಅವಂಗ ಯಾಕ ಹೋತು? ನಾ ಏನ ಕಡಿಮಿ ಮಾಡಿದ್ದೆ?"

ಅವನ ಎರಡೂ ಪಾದದ ನಡುವ, ನೆಲಕ್ಕ...

ಠಪ್.

ಡಾಂಬರ ರಸ್ತೆ ಚಪ್ಪಲಿ ಕೆಳಗ ಸಣ್ಣಗ ನಡಗಾಕ ಹತ್ತಿತು. ದೂರಿಂದ ಗಾಡಿ ಬರೂಮುಂದ ಹಳಿ ನಡಗತೈತಲ್ಲ, ಹಂಗ. ಓಡಿದ. ತನ್ನ ಮನಿ ಕಡೆ ಅಲ್ಲ, ಬಂದ ದಾರಿಗೆ. ಅನೂಪನ ಬಾಗಲಾ ಎರಡೂ ಕೈಲೆ ಬಡದ.

ಅನೂಪ ಬನಿಯನ್ ಮ್ಯಾಲ ಬಂದು ತಗದ. "ಏನಾತೋ?"

"ಮೂರನೇ ಜಾಯಿಂಟ್. ಮದಲನೇ ದಿನಾನ ನನಗ ಗೊತ್ತಾಗಿತ್ತು. ಹೇಳಲಿಲ್ಲ. ಹಳಿ ಇನ್ನಷ್ಟು ಎತ್ತಿಟ್ಟಾಂವನೂ ನಾನ."

"ಯಾಕೋ?"

"ಅದು ನನಗ ಬೇಕಾಗಿತ್ತು."

"ಒಂದ ಮಾತು ಕೇಳಿದ್ರ ಅವತ್ತ ಕೊಟ್ಟಬಿಡತಿದ್ದೆಲ್ಲೋ," ಅಂದ ಅನೂಪ. ಆಮ್ಯಾಲ ಮೆಲ್ಲಕ, "ಈಗ ಕೊಡಂಗಿಲ್ಲ," ಅಂದ.

ಪಕ್ಕಡ ತಗೊಂಡು ಇಬ್ಬರೂ ಮ್ಯಾಲ ಹೋದ್ರು. ಖೋಲಿಗೆ ಹೊರಗಿಂದ ಚಿಲಕ ಹಾಕಿದ್ದು ಹಾಕಿದಂಗ ಇತ್ತು. ಲೈಟ್ ಹಚ್ಚಿದ್ರು. ನಂದಕಿಶೋರ ಬಗ್ಗಿ ತಿರುವಿನ ಮ್ಯಾಲ ಉಗುರು ಹಾಯಿಸಿದ.

ನುಣ್ಣಗ ಹೋತು. ಹಳಿ ಚಿಪ್ಪಿನೊಳಗ ನೆಟ್ಟಗ ಕುಂತಿತ್ತು.

"ಎಲ್ಲೈತೋ?" ಅನೂಪನೂ ಹಾಯಿಸಿದ. "ಈಗೂ ಸುಳ್ಳ ಹೇಳಾಕತ್ತೀಯೇನು?"

"ನಮ್ಮವ್ವನಾಣಿ, ಇಲ್ಲೇ ಇತ್ತೋ..."

ಅನೂಪ ಬಟನ್ ತಿರುವಿದ. ಟಿಕ್ ಟಿಕ್ ಟಿಕ್ ಟಿಕ್... ತಿರುವು ಬಂತು... ದಾಟಿತು. ಒಂದ ಸುತ್ತು. ಹತ್ತು ಸುತ್ತು. ಅನೂಪ ಬೈಯೋದು ಮರತು ನೆಲಕ್ಕ ಕುಂತು ನಗಾಕ ಹತ್ತಿದ. ನಂದಕಿಶೋರ ಗ್ವಾಡಿಗೆ ಆನಕೊಂಡು ನಿಂತು ನೋಡಿದ. ಮೈಯಾಗ ಅಂಜಿಕಿ, ಅದರ ಜೋಡಿ ಅದ ಹಳೇ ಉರಿ. ಅದು ಹೋಗಲಿಲ್ಲ ಅಂತ ಅವನೇ ನನಗ ಹೇಳ್ಯಾನ, ಮುಚ್ಚಿಟ್ಟಿಲ್ಲ.

ಗಾಡಿ ನಿಂತಮ್ಯಾಲ ಅನೂಪ ಬಗ್ಗಿದ. "ಇದೇನೋ ಇಲ್ಲಿ?"

ಆ ಜಾಯಿಂಟಿನ ಮಗ್ಗಲಿಗೆ ಒಂದು ಬಿಳಿ ಗೀಟು. ಕಡ್ಡಿಯಷ್ಟು ಸಣ್ಣದು. ರಿಪೇರಿ ಮುಗಿಸಿದ ಜಾಯಿಂಟಿಗೆ ಗ್ಯಾಂಗ್‌ನವರು ಬಣ್ಣದಲೆ ಗುರುತು ಹಾಕತಾರಲ್ಲ, ಅದ.

"ನೀ ಹಚ್ಚೀಯೇನು?"

"ಇಲ್ಲ. ನೀನು?"

ಆ ಮನ್ಯಾಗ ಬಿಳಿ ಬಣ್ಣದ ಡಬ್ಬಿನ ಇರಲಿಲ್ಲ. ನಂದಕಿಶೋರ ಗೀಟಿನ ಮ್ಯಾಲ ಬೆರಳು ಇಟ್ಟ.

ಬಣ್ಣ ಇನ್ನೂ ಹಸೀ ಇತ್ತು.

ಮರುದಿನ ಮುಂಜಾನೆ ಅಂವ ನಮ್ಮ ಮನಿಗೆ ಬಂದಿದ್ದ. ಬೈಕಿನ ಪೆಟ್ರೋಲ್ ಅರಿವಿ ತುಂಡಿಗೆ ಹಚ್ಚಿ ಆ ಬೆರಳು ತಿಕ್ಕಿದಾಕಿ ನಾನ. ಎಂಟು ದಿನ ಆ ಬಿಳಿ ಕಲೆ ಹೋಗಲಿಲ್ಲರಿ. ನನ್ನ ಕಣ್ಣಿಲೆ ನೋಡೀನಿ.