ಎರಡು ಹಳದಿ ಹೂ, ಒಂದು ಕೌಂಟರ್

ಸಮಸ್ತ ಲೋಕಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಹಳದಿ ಹೂವೆಲ್ಲ ಒಂದೇ ಅಲ್ಲ. ಪಾಲಿಕೆ ಕಚೇರಿಯ ಸಾಲಿನಲ್ಲಿ ನನ್ನ ಮುಂದಿದ್ದ ಅತ್ತೆ-ಸೊಸೆಯಿಂದ ನನಗೆ ಈ ಜ್ಞಾನೋದಯವಾಯಿತು. ಅತ್ತೆ ದರ್ಜಿ. ಇಬ್ಬರ ಕೈಯಲ್ಲೂ ಒಂದೊಂದು ಕುಂಡ.

“ನಮ್ಮನೆ ಹಿಂದಿನ ಒಣಬಯಲಲ್ಲಿ ಇರೋದೆಲ್ಲ ಒಂದೇ ಕಳೆ ಅಂತ ಬರೆದು ಪಾಲಿಕೆಯೋರು ಪಾರ್ಕಿಂಗ್ ಮಾಡೋಕೆ ಹೊರಟಿದಾರೆ ಕಣೇ. ಇನ್ನೊಂದು ಅಪರೂಪದ ಗಿಡ ಇದೆ ಅಂತ ತೋರಿಸಿದ್ರೆ ಕೆಲಸ ನಿಲ್ಲಿಸ್ಲೇಬೇಕು.”

“ನಾನೂ ಒಂದೇ ಅಂದ್ಕೊಂಡಿದ್ದೆ ಅತ್ತೆ. ಎರಡಕ್ಕೂ ಐದೇ ಎಸಳು, ಅದೇ ಹಳದಿ.”

“ಬಟ್ಟೆ ತಗೊಳ್ಳೋವಾಗ ಒಳಮೈ ತಿರುಗಿಸಿ ನೋಡಲ್ವಾ? ಹಾಗೇ ಎಲೆ ತಿರುಗಿಸು.”

“ಅಯ್ಯೋ! ನಿಮ್ಮ ಕೈಲಿರೋದು ನುಣುಪು, ಇದು ಮಖಮಲ್ಲು!”

“ನುಣುಪಿಂದು ಬರೀ ಕಳೆ, ಬೆಳಗ್ಗೇನೇ ಅರಳುತ್ತೆ. ಮಖಮಲ್ಲಿಂದೇ ಅಪರೂಪದ್ದು, ಮಧ್ಯಾಹ್ನ ಮೂರರವರೆಗೂ ಕಣ್ಣೇ ಬಿಡಲ್ಲ, ನಿನ್ನ ಗಂಡನ ಭಾನುವಾರದ ಥರ.”

“ಅವರನ್ನ ಹೆತ್ತೋರು ನೀವೇ ಅತ್ತೆ! ಆದ್ರೂ ಏನು ಕಣ್ಣು ನಿಮ್ದು! ಒಳಗಿರೋರು ಮೂಗಿನ ಮೇಲೆ ಬೆರಳಿಡ್ತಾರೆ, ನೋಡ್ತಿರಿ.”

ಅವರ ಸರದಿ ಬಂತು. ಗುಮಾಸ್ತ ಕುಂಡಗಳನ್ನು ನೋಡಿದ, ಗೋಡೆಯ ಮೇಲಿನ ನಿಯಮ ನೋಡಿದ.

“ಎರಡೂ ಇಲ್ಲೇ, ಕೌಂಟರಿನಲ್ಲೇ ಅರಳಿರಬೇಕಮ್ಮ. ಇದು ಮೊಗ್ಗು.”

“ಮೂರಕ್ಕೆ ಅರಳುತ್ತೆ ಸ್ವಾಮಿ.”

“ಕೌಂಟರ್ ಒಂದಕ್ಕೇ ಮುಚ್ಚುತ್ತೆ. ಆಕ್ಷೇಪಣೆಗೆ ಇವತ್ತೇ ಕೊನೇ ದಿನ.”

“ಛೆ! ಇವತ್ತೊಂದಿನ ಬೇಗ ಏಳಬಾರದಿತ್ತಾ ಇದು?” ಎಂದಳು ಸೊಸೆ.

“ಅದನ್ನ ಬೈಬೇಡ್ವೇ. ಅದು ಸರಿಯಾದ ಹೊತ್ತಿಗೇ ಅರಳುತ್ತೆ. ಬೇಗ ಬಾಗಿಲು ಹಾಕೋರು ಇವರು.”

ಇಬ್ಬರೂ ಮೊಗ್ಗು ಅಲುಗದ ಹಾಗೆ ಮೆಟ್ಟಿಲಿಳಿದು ಹೋದರು.