ಗೋಡೆಯೊಳಗಿನ ಬಾಚಣಿಗೆ ಗೀರು

ಬೆಳಿಗ್ಗೆ ಒಂಬತ್ತು ಗಂಟೆ. ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಯಾರೋ ಅಣ್ಣ-ತಂಗಿ ನಿಂತಿದ್ದರು. ಅಣ್ಣನ ಕೈಯಲ್ಲಿ ಗಾರೆ ಕೆತ್ತುವ ಉಳಿ, ಸುತ್ತಿಗೆ ಇದ್ದವು.

“ಉಳಿ ಬೇಡಣ್ಣ. ಗೋಡೆಯ ಒಳಗಿನ ಪದರ ಹಾಗೇ ಇರಲಿ.”

“ಪೈಪು ಸೋರಿ ಮೇಲಿನ ಗಾರೆಯೆಲ್ಲ ಉದುರಿದೆ. ಒಳಗಿನದು ನಿಲ್ಲುತ್ತಾ?”

“ಗಟ್ಟಿಯಾಗಿ ನಿಂತಿದೆಯಲ್ಲ. ಅದರ ಮೇಲಿನ ಗೀರು ನೋಡಿದ್ಯಾ?”

“ಮೇಲಿನ ಗಾರೆ ಹಿಡ್ಕೊಳ್ಳಲಿ ಅಂತ ಎಲ್ಲರೂ ಗೀರ್ತಾರೆ ಕಣೆ.”

“ಬಾಚಣಿಗೇಲಾ? ಪ್ರತಿ ಸಾಲಲ್ಲೂ ನಡುವೆ ಒಂದು ಗೆರೆ ಇಲ್ಲ.”

ಅಣ್ಣ ತಂಗಿಯ ಕಡೆ ತಿರುಗಿದ.

“ಹಲ್ಲು ಮುರಿದಿತ್ತಲ್ಲ, ಅಮ್ಮನ ಆ ಬಾಚಣಿಗೆ?”

“ಹೂಂ. ನನ್ನ ತಲೆ ಬಾಚ್ತಿದ್ದಿದ್ದೂ ಅದರಲ್ಲೇ.”

“ಗೋಡೆಗೆ ಗಾರೆ ಮಾಡಿದ್ದು ನಾನೇ ಅಂತ ಅಪ್ಪ ಊರೆಲ್ಲ ಹೇಳ್ಕೊಂಡು ಬಂದ್ರಲ್ಲೇ.”

“ಅಪ್ಪನ ತಲೇಲಿ ಕೂದಲೆಲ್ಲಿತ್ತು, ಬಾಚಣಿಗೆ ಇಟ್ಕೊಳ್ಳೋಕೆ?”

“ಅಮ್ಮ ಸೂರಿನ ತನಕ ಗೀರಿದ್ದಾಳೆ. ಅಷ್ಟೆತ್ತರ ಹೇಗೆ ಎಟುಕಿಸಿದಳೋ. ಇದ್ದಷ್ಟು ದಿನ ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ.”

“ಹೊಸ ಗಾರೆ ಬಿದ್ರೆ ಮತ್ತೆ ಮುಚ್ಚಿಹೋಗುತ್ತೆ.”

“ಮುಚ್ಚಲಿ ಬಿಡು. ಹಿಡ್ಕೊಳ್ಳೋಕೆ ಅಂತಾನೇ ಗೀರಿದ್ದು. ನಮ್ಮ ಗಾರೇನೂ ಹಿಡ್ಕೊಳ್ಳಲಿ.”

ಅಣ್ಣ ಸಾಲು ಬಿಟ್ಟು ಹೋಗಿ ಉಳಿ, ಸುತ್ತಿಗೆಯನ್ನು ಅವು ಇದ್ದ ಜಾಗದಲ್ಲೇ ಇಟ್ಟು ಬಂದ. ಒಂದೇ ಪದರಕ್ಕೆ ಸಾಕಾಗುವಷ್ಟು ಸಿಮೆಂಟು ಕೊಂಡು ಇಬ್ಬರೂ ಹೊರಟರು.