ಸ್ಕ್ಯಾನಿಗೆ ಹೋದ ಬದಲಿ ಆಳು

ವ್ಯವಹಾರ ಎಂಟು ಎಕರೆ ಕಬ್ಬಿನ ಹೊಲದ್ದು. ದತ್ತವಾಡದ ಬಾಪೂಸಾಹೇಬರು ಮಗಳು ಋತುಜಾಳ ಹೆಸರಿಗೆ ಬರೆದು ಮದುವೆ ಮಾಡಿಕೊಡುವವರಿದ್ದರು. ವರ, ಇಚಲಕರಂಜಿಯ ಮಗ್ಗದ ಮಾಲಕ ಭರತೇಶನ ಮಗ ಜಿನೇಶ. ನಾನು ಅವರ ಮಗ್ಗಕ್ಕೆ ನೂಲು ಹಾಕುವ ಅಂಗಡಿಯವನು, ಪಕ್ಕದ ಮನೆಯವನು. ಮಾತು ಕುದುರಿಸಿದವನೂ ನಾನೇ. ಈಗ ಹಾಳುಬಾವಿ ದಾಟಿ ಬಂದಿರಲ್ಲ, ಅದಕ್ಕೇ ಹೇಳುತ್ತೇನೆ.

ಜಿನೇಶನ ತಾಯಿ ಕಿಡ್ನಿಯಲ್ಲಿ ನೀರಗುಳ್ಳೆ ಎದ್ದು ಸತ್ತವಳು. ತಾಯಿಯಿಂದ ಮಕ್ಕಳಿಗೆ ಇಳಿಯುವ ರೋಗ. ಕೊಲ್ಹಾಪುರದ ಒಂದು ಆಸ್ಪತ್ರೆಗೆ ಹೊಸ ತರಹದ ಎಂಆರ್‌ಐ ಬಂದಿತ್ತು. ಸೂಜಿಯಿಲ್ಲ, ಔಷಧವಿಲ್ಲ, ರೋಗ ತಲೆ ಎತ್ತುವ ಮೊದಲೇ ಕಿಡ್ನಿಯ ಬಂಡವಾಳ ಹೇಳುತ್ತಿತ್ತು. ಅದರ ಅಧ್ಯಯನಕ್ಕೆ ಡಾಕ್ಟರು ಇಂಥ ಮನೆತನದವರನ್ನೇ ಹುಡುಕುತ್ತಿದ್ದರು.

"ಆ ರಿಪೋರ್ಟ್ ತೋರಸ್ರಿ, ಸಾಖರಪುಡಾ ಮಾಡೂಣು," ಅಂದರು ಬಾಪೂಸಾಹೇಬರು. ನಿಶ್ಚಿತಾರ್ಥಕ್ಕೆ ಅವರದು ಅದೊಂದೇ ಷರತ್ತು.

ಜಿನೇಶನ ಮೂತ್ರದಲ್ಲಿ ಆಗಲೇ ರಕ್ತ ಹೋಗುತ್ತಿತ್ತು.

ಮಗ್ಗದ ಶೆಡ್ಡಿನಲ್ಲಿ ಒಬ್ಬ ಬರದಿದ್ದರೆ ಇನ್ನೊಬ್ಬ ಅವನ ಹೆಸರಿನಲ್ಲಿ ಪಾಳಿ ಮಾಡುತ್ತಾನೆ. ಬದಲಿ ಅನ್ನುತ್ತೇವೆ. "ಬದಲಿ ಕಳಸಪಾ," ಅಂದೆ ನಾನು ಭರತೇಶನಿಗೆ. ಅವನ ಮಗ್ಗದ ಆಳು ಯಲ್ಲೇಶ ಸಿಕ್ಕ. ಅದೇ ವಯಸ್ಸು, ಅದೇ ಮೈಕಟ್ಟು.

ಫಾರ್ಮು ತುಂಬಿದ್ದು ಭರತೇಶ. ಮೈಯಲ್ಲಿ ಲೋಹ ಇದೆಯೇ? ಮಗನನ್ನು ನೆನೆದು 'ಇಲ್ಲ' ಎಂದು ಬರೆದ. ಮಗ್ಗದಿಂದ ಸಿಡಿದ ಕಬ್ಬಿಣದ ಚೂರು ಯಲ್ಲೇಶನ ಬಲಗಣ್ಣಿನಲ್ಲಿ ಎರಡು ವರ್ಷದಿಂದ ಕೂತಿತ್ತು. ಯಂತ್ರವೋ, ಆಳೆತ್ತರದ ಅಯಸ್ಕಾಂತ.

ಅದೂ ಮಗ್ಗದ ಹಾಗೇ ಬಡಿಯಿತು. ಖಟ್-ಖಟ್... ಖಟ್-ಖಟ್...

ಯಲ್ಲೇಶ ಕಣ್ಣು ಒತ್ತಿಕೊಂಡು ಹೊರಬಂದ. "ಚೂರು ಸರೀತ್ರಿ ಮಾಲಕರ... ಏನೂ ಕಾಣವಲ್ದು."

"ಬಾಯಿ ತಗೀಬ್ಯಾಡ. ಇಲ್ಲೆ ನೀ ಜಿನೇಶ," ಅಂದ ಭರತೇಶ ಮೆಲ್ಲಗೆ.

ರಾತ್ರಿ ಹನ್ನೊಂದಕ್ಕೆ ಅವನನ್ನು ಶೆಡ್ಡಿನ ಮುಂದೆ ಇಳಿಸಿದೆವು. ಅವನ ಮನೆಯ ದಾರಿಗೆ ಆ ಹಾಳುಬಾವಿ ಬಲಕ್ಕೆ, ಕಾಣದ ಕಣ್ಣಿನ ಕಡೆ. ಬೆಳಿಗ್ಗೆ ಹಗ್ಗ ಬಿಟ್ಟು ಹೆಣ ತೆಗೆದರು.

ರಿಪೋರ್ಟ್ ಚೊಕ್ಕ ಬಂತು. ಮದುವೆಯೂ ಆಯಿತು.

ವರ್ಷದೊಳಗೆ ಜಿನೇಶನ ಕಾಲು ಬಾತವು. ಈ ಸಲ ಅವನೇ ಯಂತ್ರದೊಳಗೆ ಮಲಗಿದ. ನಾನು, ಭರತೇಶ ಬಾಗಿಲ ಹೊರಗೆ. ಖಟ್-ಖಟ್... ಖಟ್-ಖಟ್... ನಿಂತಿತು. ಯಂತ್ರದೊಳಗಿನ ಮೈಕಿನಲ್ಲಿ ಸಣ್ಣ ದನಿ, ಯಲ್ಲೇಶನದು.

"ಮಾಲಕರ... ಪಾಳಿ ಬದಲಾತು."

ಯಂತ್ರ ನಡೆಸುವ ಹುಡುಗಿ ನಮ್ಮ ಕಡೆ ತಿರುಗಿದಳು. "ಒಳಗ ಇಬ್ಬರು ಅದಾರೇನ್ರಿ?"

ಚಿತ್ರದಲ್ಲಿ ಯಲ್ಲೇಶನ ಕಿಡ್ನಿ. ಮತ್ತೊಮ್ಮೆ ತೆಗೆದರು; ಅವೇ. ಡಾಕ್ಟರು ಹಳೆಯ ಚಿತ್ರದ ಜೊತೆ ಹೋಲಿಸಿ, ಎರಡೂ ಒಂದೇ, ಕಿಡ್ನಿ ಛಲೋ ಅದಾವು, ಬಾವು ಹೃದಯದ್ದಿರಬೇಕು ಎಂದು ಬೇರೆ ಗುಳಿಗೆ ಬರೆದರು. ಜಿನೇಶ ಬಲಗಣ್ಣು ಒತ್ತಿಕೊಂಡು ಕೂತಿದ್ದ.

"ಬದಲಿ ಕಳಿಸಿದ್ದು ಹೇಳಿಬಿಡ್ಲೇನು?" ಭರತೇಶ ನನ್ನ ಕಿವಿಯಲ್ಲಿ ಕೇಳಿದ.

"ಹೇಳಿದ್ರ ಹೊಲ ಹೋಗ್ತೈತಿ," ಅಂದೆ.

ಅವನು ಹೇಳಲಿಲ್ಲ. ಇಪ್ಪತ್ತೊಂದನೇ ದಿನ ಜಿನೇಶ ಸತ್ತ.

ಬೂದಿ ತುಂಬುವಾಗ, ತಲೆಯಿದ್ದ ಕಡೆಯಿಂದ ಹಿತ್ತಾಳೆಯ ಪರಾತಿನೊಳಗೆ ಏನೋ ಬಿತ್ತು... ಟಿಣ್. ಎಳ್ಳಿನಷ್ಟು ಕಬ್ಬಿಣ. ಜಿನೇಶ ಹುಟ್ಟಿದಾಗಿನಿಂದ ಮಗ್ಗದ ಹತ್ತಿರ ನಿಂತವನಲ್ಲ. ಸುಳ್ಳೆನಿಸಿದರೆ ನಾಳೆ ಅಂಗಡಿಗೆ ಬನ್ನಿ, ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಋತುಜಾ ತವರಿಗೆ ಹೋದಳು. ಹೊಲ ಅವಳ ಹೆಸರಿನಲ್ಲಿತ್ತು, ಅದೂ ಹೋಯಿತು. ಒಟ್ಟು ಗಳಿಸಿದ್ದು ಆ ಚೂರು. ಅಕ್ಕಸಾಲಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಮುಳ್ಳು ಅಲುಗಲಿಲ್ಲ.